ಮನೆಯವರ ರಕ್ತ

ಪೊಲಿಕ್ಸೆನಿ ತನ್ನ ಇಬ್ಬರು ಗಂಡುಮಕ್ಕಳನ್ನು ಸೊಸೆಗೆ ರಕ್ತ ಕೊಡಿಸಲು ಕರೆದುಕೊಂಡು ಹೊರಟದ್ದು ಸಂತೆಯ ದಿನ, ಅದೂ ಸಂತೆಯ ನಟ್ಟನಡುವೆ ಹಾದು. ಹಿಂದಿನ ಬೀದಿಯಿಂದ ಹೋಗಿದ್ದರೆ ಆಸ್ಪತ್ರೆ ಹತ್ತಿರವಾಗುತ್ತಿತ್ತು. ಆದರೆ ಹಿಂದಿನ ಬೀದಿಯಲ್ಲಿ ನೋಡುವವರು ಯಾರೂ ಇರಲಿಲ್ಲ.

"ಎಲ್ಲಿಗೆ ಹೊರಟ್ರಿ ಕಿರಾ ಪೊಲಿಕ್ಸೆನಿ, ಮಕ್ಕಳ ಮೆರವಣಿಗೆ ಮಾಡ್ಕೊಂಡು?" ಎಂದು ಈರುಳ್ಳಿ ಮಾರುವವ, ಹಿರಿಯ ಹೆಂಗಸರನ್ನು ಕರೆಯುವಂತೆ ಹೆಸರಿಗೆ ‘ಕಿರಾ’ ಸೇರಿಸಿ, ಕೇಳಿದ.

"ಸೊಸೆಗೆ ರಕ್ತ ಕೊಡೋಕೆ ಕಣಪ್ಪ. ಅವಳ ಕಡೆಯವರು ಯಾರಾದ್ರೂ ತಿರುಗಿ ನೋಡಿದ್ರಾ? ನಾವೇ ಆಗ್ಬೇಕು. ಇನ್ನು ಮೇಲೆ ಅವಳ ಮೈಯಲ್ಲಿ ಓಡೋದು ನಮ್ಮ ರಕ್ತ."

ಹಿರಿಯ ಮಗ ಝೀಸಿಸ್, ಬೇಕರಿಯ ಹಿಟ್ಟು ಇನ್ನೂ ಹುಬ್ಬಿಗೆ ಅಂಟಿಕೊಂಡಿದ್ದವನು, ನೆಲ ನೋಡಿದ. ಕಿರಿಯವ ಸ್ಟೆರ್ಯೋಸ್ ಅಂಗಡಿಯ ಗಾಜು ಕಂಡಲ್ಲೆಲ್ಲ ತಲೆಗೂದಲು ನೋಡಿಕೊಂಡ. ಅವನಿಗೆ ಆಗಷ್ಟೇ ಹೆಣ್ಣು ಗೊತ್ತಾಗಿತ್ತು.

ಝೀಸಿಸನ ಹೆಂಡತಿ ಪಾರ್ಥೇನಾ ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ ಸುಣ್ಣದ ಬಣ್ಣಕ್ಕೆ ತಿರುಗಿ ಮಲಗಿದ್ದಳು. ಗರ್ಭಕೋಶದಲ್ಲಿ ಗಡ್ಡೆ. ಬೇಸಿಗೆಯಿಡೀ ರಕ್ತ ಹೋಗಿ ಹೋಗಿ, ಒಂದು ದಿನ ಬೇಕರಿಯಲ್ಲಿ ಹಿಟ್ಟು ನಾದುತ್ತಿದ್ದ ಹಾಗೇ ಕುಸಿದಿದ್ದಳು. ಆಪರೇಷನ್ ಆಗಲೇಬೇಕು, ಆದರೆ ಮೊದಲು ಮೈಗೆ ರಕ್ತ ತುಂಬಿಕೊಳ್ಳಬೇಕು, ಇಲ್ಲದಿದ್ದರೆ ಮೇಜಿನ ಮೇಲೆಯೇ ಹೋಗಿಬಿಡುತ್ತಾಳೆ ಎಂದಿದ್ದರು.

ಎಪ್ಪತ್ತರ ದಶಕದ ಕೊನೆಯ ಆ ದಿನಗಳಲ್ಲಿ, ನಮ್ಮ ಥೆಸಲಿಯ ಬಯಲಿನ ಊರುಗಳಲ್ಲಿ, ರೋಗಿಗೆ ಎಷ್ಟು ರಕ್ತ ಬೇಕೋ ಅಷ್ಟನ್ನು ಮನೆಯವರು ಬಂದು ಕೊಡಬೇಕಿತ್ತು. ಕೊಟ್ಟದ್ದು ಊರಿನವರೆಲ್ಲರ ರಕ್ತದ ಜೊತೆ ತಣ್ಣನೆಯ ಬೀರುವಿಗೆ ಹೋಗುತ್ತದೆ. ರೋಗಿಗೆ ಅಲ್ಲಿಂದ ಹೊಂದುವ ಯಾವುದೋ ಒಂದು ಬಾಟಲಿ ಸಿಗುತ್ತದೆ. ಇದರ ಮೊದಲರ್ಧ ಪೊಲಿಕ್ಸೆನಿಗೆ ಒಪ್ಪಿಗೆಯಾಯಿತು, ಎರಡನೆಯದು ಆಗಲಿಲ್ಲ. ತನ್ನ ಮಕ್ಕಳ ರಕ್ತ ಯಾವನೋ ಕುಡುಕನ ಮೈ ಸೇರಿ ಪೋಲಾಗುವುದೇ? ತೆಳ್ಳಗಿನ ಹಾಳೆಗಳ ನಡುವೆ ಆಡಿನ ಚೀಸು ತುಂಬಿ ಬೇಯಿಸಿದ ಒಂದು ದೊಡ್ಡ ತಟ್ಟೆ ಪೀತಾವನ್ನು ಅವಳು ಬಟ್ಟೆಯಲ್ಲಿ ಕಟ್ಟಿ, ರಕ್ತದ ಕೋಣೆಯ ಅಟೆಂಡರ್ ಫೋತಿಸನ ಮೇಜಿನ ಮೇಲಿಟ್ಟಳು.

"ನೋಡಪ್ಪ ಫೋತಿಸ್, ನಮ್ಮ ಹುಡುಗರ ಬಾಟಲಿ ನಮ್ಮ ಸೊಸೆಗೇ ಹೋಗ್ಬೇಕು. ಗುರುತು ಹಾಕಿಡು."

"ಹಂಗೆಲ್ಲ ಮಾಡೋಹಂಗಿಲ್ಲಮ್ಮ."

"ಬಿಸಿ ಇದೆ, ಆರೋಕ್ ಮುಂಚೆ ತಿನ್ನು."

ಅಣ್ಣತಮ್ಮಂದಿರದೂ ಪಾರ್ಥೇನಾಳದೂ ರಕ್ತದ ಗುಂಪು ಒಂದೇ ಆಗಿತ್ತು. ಫೋತಿಸ್ ಗುರುತು ಹಾಕಿದ.

ಮೊದಲು ಝೀಸಿಸನ ಬಾಟಲಿ ಏರಿತು. ಅರ್ಧವೂ ಇಳಿದಿರಲಿಲ್ಲ, ಪಾರ್ಥೇನಾಳ ಹಲ್ಲು ಕಟಕಟಿಸತೊಡಗಿತು. ಎರಡು ಕಂಬಳಿ ಹೊದಿಸಿದರೂ ಮಂಚ ಗೋಡೆಗೆ ಬಡಿದುಕೊಳ್ಳುವಷ್ಟು ನಡುಕ. ಆಮೇಲೆ ಕೈ ಇಟ್ಟರೆ ಸುಡುವ ಜ್ವರ. ನರ್ಸು ಓಡಿಬಂದು ನಳಿಗೆ ಕಿತ್ತಳು. ಒಂದು ದಿನ ಬಿಟ್ಟು ಸ್ಟೆರ್ಯೋಸನದು ಹಾಕಿದರು. ಈ ಸಲ ಇನ್ನೂ ಜೋರು. ಎರಡು ಬಾಟಲಿಯೂ ಅರ್ಧರ್ಧ ಚರಂಡಿಗೆ ಹೋದವು.

ಮನೆಯಲ್ಲಿ ಅಡುಗೆಯ ಜವಾಬ್ದಾರಿ ಈಗ ಪಾರ್ಥೇನಾಳ ಎರಡನೆಯ ಮಗಳು ವಾಯಾಳ ಮೇಲೆ ಬಿದ್ದಿತ್ತು. ಹಿರಿಯವಳು ಮದುವೆಯಾಗಿ ಬೇರೆ ಊರಲ್ಲಿದ್ದಳು, ಮಗ ಸೈನ್ಯದಲ್ಲಿದ್ದ. ಮಾಂಸ ಮುಟ್ಟದ ವ್ರತದ ಶುಕ್ರವಾರ, ಎಣ್ಣೆಯಿಲ್ಲದ ಬೇಳೆಯ ಸಾರು, ಆಲಿವ್ ಕಾಯಿ, ಬ್ರೆಡ್ಡು.

"ನನ್ನ ಮಕ್ಕಳ ರಕ್ತ ಬಚ್ಚಲಿಗೆ ಸುರಿದ್ರು," ಎಂದಳು ಪೊಲಿಕ್ಸೆನಿ, ಬ್ರೆಡ್ಡು ಮುರಿಯುತ್ತ. "ನಡುಕವಂತೆ, ಜ್ವರವಂತೆ. ಅವಳಿಗೆ ಬೇಕಾಗಿಲ್ಲ, ಅಷ್ಟೆ. ಬೇಕಂತ್ಲೇ ಮಾಡ್ತಾಳೆ."

"ಅಜ್ಜಿ, ಜ್ವರ ಯಾರಾದ್ರೂ ಬೇಕಂತ ತಂದ್ಕೊಳ್ತಾರಾ?"

"ನಿಮ್ಮಮ್ಮ ತಂದ್ಕೊಳ್ತಾಳೆ. ಆ ನಿರಾಶ್ರಿತರ ಕೇರಿ ಜನ ಏನು ಬೇಕಾದ್ರೂ ಮಾಡ್ತಾರೆ. ಕಪ್ಪು ಸಮುದ್ರದಾಚೆಯಿಂದ ಬರುವಾಗ ಬರೀ ಹಠ ಕಟ್ಕೊಂಡು ಬಂದೋರು. ಮೊದಲ ದಿನಾನೇ ಹೇಳಿದ್ದೆ ನಾನು, ಹೊರಗಿನ ರಕ್ತ ಅಂತ."

"ಅಮ್ಮಾ, ಸಾಕು," ಎಂದ ಝೀಸಿಸ್.

"ನೀನು ಸುಮ್ನಿರು. ನಿನ್ನ ಅರ್ಧ ಬಾಟಲಿ ಹೋಯ್ತು, ಆ ಸಂಕಟ ನಂಗೆ. ಲಿವರ್ ಹುರ್ಕೊಡ್ತೀನಿ ತಿನ್ನು."

"ಇವತ್ತು ಶುಕ್ರವಾರ ಅಜ್ಜಿ."

"ರಕ್ತ ಕೊಟ್ಟೋರಿಗೆ ಶುಕ್ರವಾರ ಇಲ್ಲ," ಎಂದು ಪೊಲಿಕ್ಸೆನಿ, ಪಾದ್ರಿಯನ್ನೂ ಕೇಳದೆ, ಧರ್ಮವನ್ನು ಸಡಿಲಿಸಿದಳು.

ಆದರೆ ವಾರ್ಡಿನಲ್ಲಿ ಪಾರ್ಥೇನಾ ಒಬ್ಬಳೇ ಮಲಗಿರಲಿಲ್ಲ. ಅವಳ ಅಕ್ಕಪಕ್ಕದ ಮಂಚದವರಿಗೆ ಕಣ್ಣೂ ಇತ್ತು, ನೋಡಲು ಬರುವ ನೆಂಟರೂ ಇದ್ದರು. ಬೇಕರಿಯವರ ಮನೆಯ ರಕ್ತ ಮೈಗೆ ಹೋದರೆ ಮನುಷ್ಯ ಗಡಗಡ ನಡುಗುತ್ತಾನೆ ಎಂಬ ಸುದ್ದಿ ಊರು ಸುತ್ತಿತು. ನಮ್ಮ ಬಯಲಿನಲ್ಲಿ ರಕ್ತದ ಸುದ್ದಿ ಸಣ್ಣದಲ್ಲ. ಗಂಡಿಗೂ ಹೆಣ್ಣಿಗೂ ಒಂದೇ ದೋಷವಿದ್ದು ಮಕ್ಕಳು ಹಳದಿಯಾಗಿ, ಜೀವನವಿಡೀ ಬೇರೆಯವರ ರಕ್ತ ಹಾಕಿಸಿಕೊಂಡೇ ಬದುಕುವ ಮನೆಗಳು ಪ್ರತಿ ಹಳ್ಳಿಯಲ್ಲೂ ಇವೆ. ಭಾನುವಾರ ಬೇಕರಿಯ ಒಲೆಯಲ್ಲಿ ಬೇಯಿಸಿಕೊಡಿ ಎಂದು ಮಾಂಸ–ಆಲೂಗಡ್ಡೆಯ ತಟ್ಟೆ ಕಳಿಸುತ್ತಿದ್ದ ನೆರೆಹೊರೆಯ ಅನೇಕರು ಆ ಭಾನುವಾರ ಮನೆಯಲ್ಲೇ ಬೇಯಿಸಿಕೊಂಡರು. ಸ್ಟೆರ್ಯೋಸನಿಗೆ ಹೆಣ್ಣು ಕೊಡಲಿದ್ದ ಅಪೊಸ್ತೊಲಿಸ್, ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿಯವನು, ಬ್ರೆಡ್ಡು ಕೊಳ್ಳುವ ನೆಪದಲ್ಲಿ ಬಂದು, "ಮದುವೆ ದಿನ ಗೊತ್ತು ಮಾಡೋದು ಸ್ವಲ್ಪ ತಡೀಲಿ, ಅವಸರ ಏನಿದೆ," ಎಂದು ಹೇಳಿ, ಬ್ರೆಡ್ಡು ಮರೆತು ಹೋದ.

ಈ ನಡುವೆ ಆಸ್ಪತ್ರೆಯ ಡಾಕ್ಟರು ಉರಾನಿಯಾ, ಕನ್ನಡಕ ಹಣೆಗೇರಿಸಿ ಓಡಾಡುವ ಗಟ್ಟಿಗಂಟಲ ಹೆಂಗಸು, ಎರಡೂ ಬಾಟಲಿ ಯಾರದೆಂದು ವಿಚಾರಿಸಿದರು. ಫೋತಿಸ್ ಮೊದಲು ತಲೆ ಕೆರೆದ, ಆಮೇಲೆ ಪೀತಾದ ವಿಷಯ ಹೇಳಿದ. ಡಾಕ್ಟರು ಅವನಿಗೆ ವಾರ್ಡಿನವರೆಗೂ ಕೇಳಿಸುವಂತೆ ಬೈದು, ಬಂದು ಪಾರ್ಥೇನಾಳ ಮಂಚದ ತುದಿಯಲ್ಲಿ ಕೂತರು.

"ಎಷ್ಟು ಸಲ ಬಸುರಾಗಿದ್ದೆ?"

"ನಾಲ್ಕು. ಒಂದು ನಿಲ್ಲಲಿಲ್ಲ."

"ಪ್ರತಿ ಸಲವೂ ಮಗುವಿನ ರಕ್ತ ಒಂಚೂರು ನಿನ್ನ ರಕ್ತಕ್ಕೆ ಸೋರಿರುತ್ತೆ. ಅದರಲ್ಲಿ ಅರ್ಧ ಅಪ್ಪನ ಪಾಲು. ಅದು ನಿಂದಲ್ಲ ಅಂತ ನಿನ್ನ ಮೈ ಗುರುತಿಟ್ಕೊಂಡಿದೆ. ಈಗ ಅದೇ ಮನೆಯ ರಕ್ತ ಬಾಟಲಿಗಟ್ಟಲೆ ಒಳಗೆ ಬಂದ್ರೆ? ಅದರ ಬಿಳಿ ಕಣ ಕಂಡ ಕೂಡಲೇ ಜಗಳಕ್ಕೆ ನಿಲ್ಲುತ್ತೆ. ಆ ಜಗಳವೇ ಜ್ವರ."

ಪಾರ್ಥೇನಾ ಸೂಜಿ ಚುಚ್ಚಿದ್ದ ಕೈಯನ್ನು ತಿರುಗಿಸಿ ನೋಡಿಕೊಂಡಳು.

"ಅಂದ್ರೆ ಇಷ್ಟು ವರ್ಷ ನನ್ನ ಬಾಯಿ ಸುಮ್ನಿತ್ತು, ಮೈ ಸುಮ್ನಿರಲಿಲ್ಲ ಅಂತಾಯ್ತು."

"ಹಾಗೂ ಹೇಳ್ಬೋದು," ಎಂದರು ಡಾಕ್ಟರು ನಗುತ್ತ.

"ಅವರ ರಕ್ತದಲ್ಲಿ ಏನಾದ್ರೂ ದೋಷ ಇದೆಯಾ ಡಾಕ್ಟ್ರೇ?"

"ಏನೂ ಇಲ್ಲ. ಬೇರೆ ಯಾರಿಗೆ ಹಾಕಿದ್ರೂ ಆಗುತ್ತೆ. ನಿನಗೆ ಮಾತ್ರ ಬೇಡ. ಹೊರಗಿನವರದ್ದು ತರೋಕೆ ಹೇಳು. ರಕ್ತದ ಬೀರು ಈಗ ಖಾಲಿಯಾಗಿದೆ, ಬೇಗ ತರಲಿ."

"ಮನೆಯವರಿಗೆ ನಾನೇ ಹೇಳ್ತೀನಿ. ನೀವು ಹೇಳ್ಬೇಡಿ."

ಅವಳು ಹೇಳಿದ್ದು ಅರ್ಧ. ಸಂಜೆ ಗಂಡ ಬಂದಾಗ, "ನಿಮ್ಮ ಮನೆ ರಕ್ತ ನನ್ನ ಮೈಗೆ ಆಗಲ್ವಂತೆ. ಹೊರಗಿನ ರಕ್ತಾನೇ ಬೇಕಂತೆ," ಎಂದಳು. ಏಕೆ ಎಂಬುದನ್ನು ಹೇಳಲಿಲ್ಲ. ಪಕ್ಕದ ಮಂಚದ ಹೆಂಗಸು ಕಿವಿ ಚಾಚಿದ್ದಳು. ಪಾರ್ಥೇನಾ ಸ್ವಲ್ಪ ಗಟ್ಟಿಯಾಗಿಯೇ ಹೇಳಿದಳು.

ಝೀಸಿಸ್ ಕಾಫಿ ಅಂಗಡಿಗೆ ಹೋಗಿ ಗೆಳೆಯರನ್ನು ಕೇಳಿದ. ಒಬ್ಬನಿಗೆ ಬೆನ್ನು ನೋವು, ಒಬ್ಬನಿಗೆ ಹತ್ತಿ ಕೊಯ್ಲು, ಒಬ್ಬ ಸೂಜಿ ಕಂಡರೆ ಬೀಳುವವ. ನಿಜ ಹೇಳಿದವ ಒಬ್ಬನೇ: "ನಿಮ್ಮ ಮನೆ ರಕ್ತದ ವ್ಯವಹಾರ ಮೊದ್ಲು ಸರಿಹೋಗ್ಲಿ ಮಾರಾಯ. ಆಮೇಲೆ ನೋಡೋಣ." ಪಾರ್ಥೇನಾಳನ್ನು ಕಬ್ಬಿಣದ ಮಾತ್ರೆ ಕೊಟ್ಟು ಮನೆಗೆ ಕಳಿಸಿದರು. ಅವಳು ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ಮಲಗಿ, ಒಲೆಯ ಹತ್ತಿರದ ಮಾತನ್ನೆಲ್ಲ ಕೇಳಿಸಿಕೊಳ್ಳುತ್ತ, ದಿನದಿನಕ್ಕೆ ಇಳಿಯುತ್ತಿದ್ದಳು.

"ನಿನ್ನ ಅಣ್ಣ ಅನೆಸ್ತಿಸನ್ನ ಕೇಳ್ತೀನಿ," ಎಂದ ಝೀಸಿಸ್ ಒಂದು ಮಧ್ಯಾಹ್ನ. "ಕೇರಿಯಲ್ಲಿ ನಾಲ್ಕು ಜನ ಸಿಕ್ಕೇ ಸಿಗ್ತಾರೆ."

"ನೀವು ಹೋಗೋದು ಬೇಡ."

"ಮತ್ತೆ ಯಾರು?"

"ನಿಮ್ಮಮ್ಮ ಹೋಗ್ಲಿ. ಅವರೇ ಹೋಗಿ, ಅವರ ಬಾಯಿಂದ್ಲೇ ಕೇಳ್ಲಿ."

ಒಲೆಯ ಮುಂದೆ ಸೌಟು ನಿಂತಿತು.

"ನಾನಾ?" ಪೊಲಿಕ್ಸೆನಿ ಬಾಗಿಲಿಗೆ ಬಂದಳು. "ರೈಲು ಹಳಿ ದಾಟಿ ಆ ಕೇರಿಗೆ ನಾನು ಕಾಲಿಡೋದಾ? ನಿಂಗೆ ಜ್ವರ ತಲೆಗೇರಿದೆ."

"ಜ್ವರ ಇಳ್ದಿದೆ ಅತ್ತೆ. ನಿಮ್ಮ ರಕ್ತ ಹಾಕೋದು ನಿಂತ ಮೇಲೆ ಅದೂ ಇಳೀತು."

"ಯಾಕೆ ನಾನೇ?"

"ನನ್ನಮ್ಮ ಸತ್ತಿದ್ದು ಯಾವಾಗ, ನೆನಪಿದೆಯಾ?"

ಪೊಲಿಕ್ಸೆನಿಗೆ ನೆನಪಿತ್ತು. ಆದರೂ ಪಾರ್ಥೇನಾ ನೆನಪು ಮಾಡಿಸದೆ ಬಿಡಲಿಲ್ಲ.

"ಈಸ್ಟರ್ ವಾರ. ಅನೆಸ್ತಿಸ್ ಬಾಗಿಲಲ್ಲಿ ಬಂದು ನಿಂತಿದ್ದ, ಕರ್ಕೊಂಡು ಹೋಗೋಕೆ. ನಾನು ಏಪ್ರನ್ ಬಿಚ್ಚಿ ಆಗಿತ್ತು. ನೀವು ಅಡ್ಡ ನಿಂತು ಏನಂದ್ರಿ? ಸತ್ತೋರು ಕಾಯ್ತಾರೆ, ಹಿಟ್ಟು ಕಾಯಲ್ಲ ಅಂದ್ರಿ. ಹಬ್ಬದ ಬ್ರೆಡ್ಡು ನಾದಿ ಮುಗಿಸಿ ನಾನು ಹೋಗೋ ಹೊತ್ತಿಗೆ ಮಣ್ಣು ಮುಚ್ಚಿದ್ರು. ಅವತ್ತಿಂದ ನನ್ನಣ್ಣ ನನ್ನ ಹತ್ರ ಮಾತಾಡಿಲ್ಲ. ಎರಡನೇ ಮಗಳಿಗೆ ಅವಳ ಹೆಸರಾದ್ರೂ ಇಡೋಣ ಅಂದ್ರೆ ಅದೂ ಬೇಡ ಅಂದು, ಕ್ಯಾಲೆಂಡರಲ್ಲಿದ್ದ ಗರಿಗಳ ಹಬ್ಬ ನೋಡಿ ವಾಯಾ ಅಂತ ಇಟ್ರಿ."

"ಹೆಸರು ಚೆನ್ನಾಗೇ ಇದೆ," ಎಂದು ಪೊಲಿಕ್ಸೆನಿ ಒಲೆಯ ಕಡೆ ತಿರುಗಿದಳು.

"ಹೋಗಿ ಕೇಳಿ. ಇಲ್ಲಾಂದ್ರೆ ನಾನು ಹೀಗೇ ಹೋಗ್ತೀನಿ. ಬೇಕರಿಯವರ ರಕ್ತ ಕುಡಿದು ಸೊಸೆ ಸತ್ತಳು ಅಂತ ಊರು ಹೇಳ್ಕೊಳ್ಳಲಿ. ಸ್ಟೆರ್ಯೋಸನಿಗೆ ಆಮೇಲೆ ಯಾರು ಹೆಣ್ಣು ಕೊಡ್ತಾರೋ ನಾನೂ ಮೇಲಿಂದ ನೋಡ್ತೀನಿ."

ಒಂದು ವಾರ ಯಾರೂ ಸೋಲಲಿಲ್ಲ. ಪೊಲಿಕ್ಸೆನಿ ಸೊಸೆಗೆ ಲಿವರ್ ಹುರಿದು ಕಳಿಸಿದಳು. ಪಾರ್ಥೇನಾ ಅದನ್ನು ತಿಂದು, ತಟ್ಟೆಯನ್ನು ಮಾತ್ರ ಹಿಂದಕ್ಕೆ ಕಳಿಸಿದಳು. ಸ್ಟೆರ್ಯೋಸ್ ಅತ್ತಿಗೆಯ ಮಂಚದ ಬಳಿ ಬಂದು, "ಅತ್ತಿಗೆ, ನಾನೇನು ಮಾಡ್ದೆ ನಿಮಗೆ?" ಎಂದು ಅಳುಮುಖ ಮಾಡಿದ. "ನೀನು ಬಾಟಲಿ ತುಂಬ ರಕ್ತ ಕೊಟ್ಟೆ ಕಣಪ್ಪ, ದೇವರು ನಿನ್ನ ಚೆನ್ನಾಗಿಟ್ಟಿರಲಿ. ಹೋಗಿ ನಿಮ್ಮಮ್ಮನ್ನ ಕೇಳು," ಎಂದಳು.

ಜಗಳಕ್ಕೆ ನಿಂತವಳು ವಾಯಾ. ಅಮ್ಮನ ತಲೆ ಬಾಚುತ್ತ, ಹಣಿಗೆಯಲ್ಲಿ ಬಂದ ಕೂದಲ ಗೊಂಚಲು ನೋಡಿ, ಅದನ್ನು ಅವಳ ಮಡಿಲಿಗೆ ಎಸೆದಳು.

"ಸಾಯ್ತಿದ್ದೀಯ ನೀನು. ಗೊತ್ತಾಗ್ತಿದೆಯಾ? ಅಜ್ಜಿ ಬಗ್ಗೋದನ್ನ ನೋಡೋಕೆ ಅಂತ ಸಾಯ್ತಿದ್ದೀಯ. ಡಾಕ್ಟ್ರು ನಿಜವಾಗಿ ಏನಂದ್ರು ಹೇಳು."

ಪಾರ್ಥೇನಾ ಹೇಳಿದಳು, ನಾಲ್ಕು ಬಸಿರು, ಬಿಳಿ ಕಣ, ಪೀತಾ, ಎಲ್ಲ. ವಾಯಾ ಮೊದಲು ನಕ್ಕಳು. ಆಮೇಲೆ ನಗು ನಿಂತಿತು.

"ಅಂದ್ರೆ ದೋಷ ಇಲ್ಲ ಅಂತ ನಿಂಗೆ ಗೊತ್ತಿದ್ದೂ ಊರೋರು ಆಡ್ಕೊಳ್ಳೋಕೆ ಬಿಟ್ಟೆ?"

"ಬಿಟ್ಟೆ."

"ಆ ರಕ್ತ ನಂದೂ ಹೌದಲ್ಲಮ್ಮ. ನಾಳೆ ನನ್ನ ಬಗ್ಗೆನೂ ಹಾಗೇ ಅಂತಾರೆ. ತಮ್ಮನ ಬಗ್ಗೆನೂ."

ಈ ಲೆಕ್ಕ ಪಾರ್ಥೇನಾ ಹಾಕಿರಲಿಲ್ಲ. ಅವಳು ಮಡಿಲಿನ ಕೂದಲನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ನಿನ್ನ ತನಕ ಬರೋ ಮೊದ್ಲು ಮುಗಿಸ್ತೀನಿ," ಎಂದಳು ಕೊನೆಗೆ. "ಆದ್ರೆ ಮುದುಕಿ ಹೋಗೋ ತನಕ ನೀನು ಬಾಯಿ ಬಿಡಬಾರದು. ಬಿಟ್ಟರೆ ನೀನೂ ಆ ಕಡೆಯವಳೇ."

"ನಾನು ಎರಡೂ ಕಡೆಯವಳು," ಎಂದು ವಾಯಾ ಹಣಿಗೆ ಬಿಸಾಡಿ ಹೋದಳು. ಆದರೆ ಬಾಯಿ ಬಿಡಲಿಲ್ಲ.

ಪಾರ್ಥೇನಾ ಇನ್ನೊಮ್ಮೆ ಕುಸಿದಳು, ಈ ಸಲ ಬಚ್ಚಲ ಬಾಗಿಲಲ್ಲಿ. ಅದೇ ಬೆಳಿಗ್ಗೆ ಅಪೊಸ್ತೊಲಿಸನ ಹೆಂಡತಿ ನಿಶ್ಚಿತಾರ್ಥದ ಸಿಹಿ ತಂದಿದ್ದ ಬೆಳ್ಳಿಯ ತಟ್ಟೆಯನ್ನು ವಾಪಸು ಕೇಳಿ ಕಳಿಸಿದ್ದಳು. ಎರಡರಲ್ಲಿ ಯಾವುದು ಹೆಚ್ಚು ಕೆಲಸ ಮಾಡಿತೋ ಹೇಳುವುದು ಕಷ್ಟ. ಪೊಲಿಕ್ಸೆನಿ ಚರ್ಚಿಗೆ ಹೋಗುವ ಕಪ್ಪು ಉಡುಪು ತೊಟ್ಟು, ವಾಯಾಳನ್ನು ಜೊತೆ ಮಾಡಿಕೊಂಡು, ರೈಲು ಹಳಿ ದಾಟಿದಳು. ಈ ಸಲ ಹಿಂದಿನ ಬೀದಿಯಿಂದ.

ಅನೆಸ್ತಿಸ್ ಅಂಗಳದಲ್ಲಿ ಮೆಣಸಿನಕಾಯಿ ದಾರಕ್ಕೆ ಪೋಣಿಸುತ್ತಿದ್ದ. ತಲೆ ಎತ್ತಿ ನೋಡಿ, ಮತ್ತೆ ಪೋಣಿಸತೊಡಗಿದ.

"ಅನೆಸ್ತಿಸ್," ಎಂದಳು ಪೊಲಿಕ್ಸೆನಿ.

"ಹಿಟ್ಟು ನಾದಿಟ್ಟು ಬಂದ್ರಾ? ಹುಳಿ ಬಂದುಬಿಟ್ಟೀತು."

ಅಕ್ಕಪಕ್ಕದ ಬಾಗಿಲುಗಳಲ್ಲಿ ಹೆಂಗಸರು ಕಾಣಿಸಿಕೊಂಡರು. ಕೇರಿಯಲ್ಲಿ ಗೋಡೆಗಳು ಮೊಣಕಾಲೆತ್ತರ.

"ನಿನ್ನ ತಂಗಿಗೆ ರಕ್ತ ಬೇಕು."

"ನಿಮ್ಮದು ಸಾಲ್ದಾಯ್ತಾ?"

"ನಮ್ಮದು... ಆಗಲ್ವಂತೆ."

"ಕೇಳಿಸ್ಲಿಲ್ಲ. ನನ್ನ ಕಿವಿ ಅಷ್ಟು ಸರಿಯಿಲ್ಲ. ಅಗೋ, ಆ ಮನೆ ಸೋಫಿಯಾಗೆ ಇನ್ನೂ ಕೇಳ್ಸಲ್ಲ."

ಪೊಲಿಕ್ಸೆನಿ ವಾಯಾಳ ತೋಳು ಹಿಡಿದುಕೊಂಡಳು. ಆ ಬೆರಳಿನ ಗುರುತು ಎರಡು ದಿನ ಇತ್ತೆಂದು ವಾಯಾ ಆಮೇಲೆ ತೋರಿಸುತ್ತಿದ್ದಳು.

"ನಮ್ಮ ಮನೆ ರಕ್ತ ಅವಳಿಗೆ ಆಗಲ್ಲ!" ಎಂದು ಮುದುಕಿ ಕೂಗಿದಳು. "ನಿಮ್ಮದು ಬೇಕು. ಕೊಡಿ ಅಂತ ಕೇಳೋಕೆ ಬಂದಿದ್ದೀನಿ. ಸಾಕಾ? ಮೊಣಕಾಲೂ ಊರ್ಬೇಕಾ?"

"ಊರಿದ್ರೆ ಏಳ್ಸೋಕೆ ನಾಲ್ಕು ಜನ ಬೇಕು. ಆ ನಾಲ್ಕು ಜನ ರಕ್ತ ಕೊಡೋಕೆ ಬರ್ಬೇಕು," ಎಂದು ಅನೆಸ್ತಿಸ್ ಎದ್ದ. ಕುಳಿತುಕೊಳ್ಳಿ ಎನ್ನಲಿಲ್ಲ, ಕಾಫಿ ಕೊಡಲಿಲ್ಲ. ಒಳಗೆ ಹೋಗಿ ಕೋಟು ಹಾಕಿಕೊಂಡು ಬಂದ.

ಅವನ ರಕ್ತದ ಗುಂಪು ಹೊಂದಲಿಲ್ಲ. ಅವನು ಕರೆತಂದವರಲ್ಲಿ ಇಬ್ಬರದು ಹೊಂದಿತು: ಒಬ್ಬ ಚಪ್ಪಲಿ ಹೊಲಿಯುವವ, ಇನ್ನೊಬ್ಬ ಮದುವೆಗಳಲ್ಲಿ ಪಿಟೀಲು ಬಾರಿಸುವವ. ಪಾರ್ಥೇನಾಳ ಕೈಗೆ ಮೊದಲ ಬಾಟಲಿ ಏರಿದಾಗ ಪೊಲಿಕ್ಸೆನಿ ಮಂಚದ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು. ಸ್ವಲ್ಪ ಹೊತ್ತಿಗೊಮ್ಮೆ ಎದ್ದು ಸೊಸೆಯ ಹಣೆ ಮುಟ್ಟುವಳು. ಹಿಂಗೈಯಿಂದ ಮುಟ್ಟುವಳು, ಅಂಗೈಯಿಂದ ಮುಟ್ಟುವಳು. ಕಾಲಿನ ಬೆರಳೂ ಮುಟ್ಟಿ ನೋಡಿದಳು.

"ಚಳಿ ಆಗ್ತಿದೆಯಾ?"

"ಇಲ್ಲ."

"ಸ್ವಲ್ಪಾನೂ?"

"ಇಲ್ಲ ಅತ್ತೆ. ಬೆಚ್ಚಗಿದ್ದೀನಿ."

ಬಾಟಲಿ ಪೂರ್ತಿ ಇಳಿಯಿತು. ಜ್ವರ ಬರಲಿಲ್ಲ. ಆ ಹೊತ್ತು ಮುದುಕಿಯ ಮುಖ ನೋಡಿದವರಿಗೆ ರೋಗಿ ಯಾರೆಂಬ ಗೊಂದಲವಾಗುತ್ತಿತ್ತು. ಅಲ್ಲಿಗೆ ಬಂದ ಡಾಕ್ಟರು ಉರಾನಿಯಾ, ಮನೆಯವರಿಗೆ ಎಲ್ಲ ಗೊತ್ತಿದೆ ಎಂದುಕೊಂಡು, "ಈಗ ಅರ್ಥ ಆಯ್ತಾ ಅಜ್ಜಿ? ನೀವು ಫೋತಿಸಗೆ ಪೀತಾ ತಿನ್ನಿಸದೆ ಇದ್ದಿದ್ರೆ, ಮೊದಲ ದಿನಾನೇ ಇವಳಿಗೆ ಬೇರೆಯವರ ಬಾಟಲಿ ಸಿಕ್ಕಿ ಎಲ್ಲ ಮುಗೀತಿತ್ತು. ನಿಮ್ಮ ಮಕ್ಕಳ ರಕ್ತ ಚಿನ್ನದಂಥದ್ದು. ಇವಳು ಆ ಮನೆಯ ಮಕ್ಕಳನ್ನ ಹೆತ್ತಿದ್ದಾಳೆ, ಅದಕ್ಕೇ ಇವಳಿಗೊಬ್ಬಳಿಗೆ ಆಗಲ್ಲ," ಎಂದು ಎಲ್ಲವನ್ನೂ ಮೊದಲಿನಿಂದ ಹೇಳಿದರು.

ಡಾಕ್ಟರು ಹೋದ ಮೇಲೆ ಪೊಲಿಕ್ಸೆನಿ ಅಂದಳು: "ನಿಂಗೆ ಇದು ಮೊದ್ಲೇ ಗೊತ್ತಿತ್ತು."

"ಗೊತ್ತಿತ್ತು."

"ಅಪೊಸ್ತೊಲಿಸಗೆ ಹೇಳು. ನಿನ್ನ ಮಾತಾದ್ರೆ ನಂಬ್ತಾನೆ. ಹುಡುಗನ ಮದುವೆ."

"ಮೊದ್ಲು ಬದುಕಿ ಬರ್ತೀನಿ ಅತ್ತೆ. ಆಮೇಲೆ ನೋಡೋಣ."

ಆಪರೇಷನ್ ಆಯಿತು. ಪಾರ್ಥೇನಾ ಬದುಕಿ ಬಂದಳು. ಕೆನ್ನೆಗೆ ಬಣ್ಣವೂ ಬಂತು. ಮನೆಗೆ ಮರಳಿದ ಮೊದಲ ಭಾನುವಾರವೇ ಅವಳು ಝೀಸಿಸನ ಕೈಯಲ್ಲಿ ಅಪೊಸ್ತೊಲಿಸ್ ದಂಪತಿಗೆ ಕಾಫಿಗೆ ಬರಹೇಳಿದಳು. ಬಂದರು. ಕಾಫಿಯ ಜೊತೆ ಪಾಕದಲ್ಲಿಟ್ಟ ಹಣ್ಣೂ ಬಂತು. ಅನೆಸ್ತಿಸನೂ ಒಂದು ಕುರ್ಚಿಯಲ್ಲಿ, ಕೋಟು ಬಿಚ್ಚದೆ, ಕೂತಿದ್ದ. ಅಪೊಸ್ತೊಲಿಸ್ ಸಕ್ಕರೆ ಕದಡುತ್ತಲೇ ಇದ್ದ.

"ನೇರವಾಗಿ ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಈ ಮನೆ ರಕ್ತದಲ್ಲಿ ಏನಿದೆ?"

ಎಲ್ಲರೂ ಪಾರ್ಥೇನಾಳ ಕಡೆ ತಿರುಗಿದರು. ಬಾಗಿಲ ಬಳಿ ನಿಂತಿದ್ದ ವಾಯಾ ಅಮ್ಮನನ್ನೇ ದುರುಗುಟ್ಟಿ ನೋಡಿದಳು.

"ಡಾಕ್ಟ್ರು ಎಲ್ಲ ಹೇಳಿದ್ದಾರೆ. ಆದ್ರೆ ನಾನು ಹೊರಗಿನವಳು, ನಾನು ಹೇಳಿದ್ರೆ ಚೆನ್ನಾಗಿರಲ್ಲ," ಎಂದಳು ಪಾರ್ಥೇನಾ. "ಅತ್ತೆ ಹೇಳ್ಲಿ. ಮೊದಲಿಂದ. ಒಂದೂ ಬಿಡದೆ."

ಪೊಲಿಕ್ಸೆನಿ ಒಬ್ಬೊಬ್ಬರನ್ನೇ ನೋಡಿದಳು. ಝೀಸಿಸ್ ನೆಲ ನೋಡಿದ. ಸ್ಟೆರ್ಯೋಸ್ ಕೈ ಮುಗಿಯುವ ಹಾಗೆ ಅಮ್ಮನನ್ನು ನೋಡಿದ. ಅವಳು ಹೇಳತೊಡಗಿದಳು. ಸೊಸೆ ತನ್ನ ಮನೆಗೆ ಮಕ್ಕಳನ್ನು ಹೆತ್ತದ್ದರಿಂದ ಹೀಗಾದದ್ದು, ಮಕ್ಕಳ ರಕ್ತದಲ್ಲಿ ದೋಷವಿಲ್ಲದ್ದು, ತಾನು ಫೋತಿಸನಿಗೆ ಕೊಟ್ಟದ್ದು, ಎರಡು ಬಾಟಲಿ ಚರಂಡಿ ಪಾಲಾದದ್ದು. ನಿಲ್ಲಿಸಿದಳು.

"ರೈಲು ಹಳಿ ದಾಟಿದ್ದು ಬಿಟ್ರಿ," ಎಂದಳು ಪಾರ್ಥೇನಾ.

ಅದನ್ನೂ ಹೇಳಿದಳು.

ಅಪೊಸ್ತೊಲಿಸ್ ಮೊದಲು ಕೆಮ್ಮಿದ. ಕೆಮ್ಮು ನಗುವಾಯಿತು, ನಕ್ಕು ನಕ್ಕು ಕಣ್ಣೊರೆಸಿಕೊಂಡ. "ಪೀತಾ ಕೊಟ್ಟು ಜ್ವರ ತರ್ಸಿದ್ರಾ ಕಿರಾ ಪೊಲಿಕ್ಸೆನಿ!" ಅವನ ಹೆಂಡತಿ ಕರವಸ್ತ್ರ ಬಾಯಿಗೊತ್ತಿಕೊಂಡಳು. ಅನೆಸ್ತಿಸ್ ನಗಲಿಲ್ಲ, ಆದರೆ ಕೋಟು ಬಿಚ್ಚಿದ. ಮದುವೆಯ ದಿನ ಅಲ್ಲೇ ಗೊತ್ತಾಯಿತು. ಸಂಜೆಯೊಳಗೆ ಸಂತೆಯ ಈರುಳ್ಳಿಯವನಿಗೂ ಕಥೆ ಮುಟ್ಟಿತ್ತು. ಪೊಲಿಕ್ಸೆನಿ ಅದರ ನಂತರ ಎಷ್ಟೋ ತಿಂಗಳು ಸಂತೆಗೆ ವಾಯಾಳನ್ನೇ ಕಳಿಸಿದಳು.

ನೆಂಟರು ಹೋದ ಮೇಲೆ ವಾಯಾ ಅಮ್ಮನ ದಿಂಬು ಸರಿಪಡಿಸಿದಳು.

"ಈಗ ಸಮಾಧಾನ ಆಯ್ತಾ?"

ಪಾರ್ಥೇನಾ ಯೋಚಿಸಿ ನೋಡಿದಳು.

"ಇಲ್ಲ. ನಮ್ಮಮ್ಮನ ಮುಖ ನೋಡೋಕಾಗ್ಲಿಲ್ಲ ನಂಗೆ. ಅದು ಹಾಗೇ ಇದೆ."

"ಮತ್ತೆ ಇಷ್ಟೆಲ್ಲ ಯಾಕೆ ಮಾಡ್ದೆ?"

"ಹಸಿವಾಗ್ತಿದೆ. ಒಳಗೆ ಏನಿದೆ?"

"ಹುರುಳಿಕಾಯಿ ಸಾರು. ತರ್ತೀನಿ ಇರು."

"ನೀನು ಬೇಡ. ಅಜ್ಜಿಗೆ ಹೇಳು, ತಟ್ಟೆ ಇಲ್ಲಿಗೇ ತರ್ಲಿ."

ಪೊಲಿಕ್ಸೆನಿ ತಂದಳು. ಬಿಸಿಯಿತ್ತು, ಮೇಲೆ ಎಣ್ಣೆಯನ್ನೂ ಧಾರಾಳವಾಗಿ ಸುರಿದಿದ್ದಳು. ಉಪ್ಪು ಸ್ವಲ್ಪ ಕಡಿಮೆಯಿತ್ತು. ಪಾರ್ಥೇನಾ ಅದನ್ನೂ ಹೇಳಿದಳು.